ಹೃದಯಕ್ಕೂ ಪಕ್ಕದಿಂದ ಲೈನ್ ಎಳೆಯಬಹುದಾ?

ಚಿಂತಾಮಣಿ ಟೊಮೆಟೊ ಮಾರ್ಕೆಟ್. ಎರಡು ಬಾಕ್ಸ್ ಎತ್ತಿಟ್ಟರೆ ಸಾಕು, ಎದೆ ಹಿಂಡಿದ ಹಾಗಾಗುತ್ತೆ. ಕೂತರೆ ಕಮ್ಮಿ. ಡಾಕ್ಟರು ಇದನ್ನ ಆಂಜೈನಾ ಅಂತಾರೆ. ನಾಳದಲ್ಲಿ ಕೊಬ್ಬು ಕಟ್ಟಿ, ಹೃದಯದ ಸ್ನಾಯುವಿಗೆ ರಕ್ತ ಸಾಲ್ತಿಲ್ಲ ಅಂತ ಅರ್ಥ.

ಹೆಚ್ಚಿನವರಿಗೆ ಮಾತ್ರೆ, ಸ್ಟೆಂಟ್, ಬೈಪಾಸ್ ಇದೆ. ಯಾವುದೂ ಆಗದವರಿಗೆ?

ನಮ್ಮ ತೋಟದ ಲೆಕ್ಕದಲ್ಲೇ ನೋಡಿ. ಡ್ರಿಪ್ ಪೈಪ್ ಕಟ್ಟಿಕೊಂಡರೆ ಪಕ್ಕದಿಂದ ಲೈನ್ ಎಳೀತೀವಿ. ಹೃದಯವೂ ಹಾಗೇ, ಪಕ್ಕದ ಸಣ್ಣ ನಾಳಗಳನ್ನ ಬೆಳೆಸಿಕೊಳ್ಳುತ್ತೆ. 'ಬೆಳೆ' ಅಂತ ಸುದ್ದಿ ಮುಟ್ಟಿಸೋ ಪ್ರೋಟೀನುಗಳೇ ಗ್ರೋತ್ ಫ್ಯಾಕ್ಟರ್: ವಿಇಜಿಎಫ್, ಎಫ್‌ಜಿಎಫ್.

ಅದನ್ನೇ ಹೊರಗಿಂದ ಕೊಟ್ಟರೆ? 2002ರಲ್ಲಿ 337 ರೋಗಿಗಳ ಎಫ್‌ಜಿಎಫ್ ಪರೀಕ್ಷೆ, 2003ರಲ್ಲಿ 178 ರೋಗಿಗಳ ವಿಇಜಿಎಫ್ ಪರೀಕ್ಷೆ ಪ್ರಕಟವಾದವು. ಔಷಧಿ ಪಡೆದವರು ಟ್ರೆಡ್‌ಮಿಲ್ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ನಡೆದರು. ಖುಷಿಪಡೋ ಮೊದಲು ಕೇಳಿ: ಹುಸಿ ಔಷಧಿ ಪಡೆದವರೂ ಹಾಗೇ ಹೆಚ್ಚು ಹೊತ್ತು ನಡೆದರು!

ಇದಕ್ಕೊಂದು ಕಾರಣ ಇರಬಹುದು: ಪ್ರೋಟೀನು ರಕ್ತದಲ್ಲಿ ಬೇಗ ಮಾಯವಾಗುತ್ತೆ. ನಾಳ ಗಟ್ಟಿಯಾಗೋಕೆ ವಾರಗಳೇ ಬೇಕು. ಅದಕ್ಕೇ ಆ ಪ್ರೋಟೀನು ತಯಾರಿಸೋ ಜೀನನ್ನೇ ಹೃದಯದ ಸ್ನಾಯುವಿಗೆ ಚುಚ್ಚಿ ನೋಡ್ತಿದ್ದಾರೆ. ಅದೂ ಇನ್ನೂ ಪ್ರಯೋಗವೇ.

ಒಂದು ಮಾತು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಾರ್ಟ್ ಅಟ್ಯಾಕಿಗೆ ಕೊಡೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇರೆ. ಅದು ಹೆಪ್ಪು ಕರಗಿಸುತ್ತೆ, ನಾಳ ಬೆಳೆಸಲ್ಲ. ಆದರೆ ಹೊತ್ತಿಗೆ ಸಿಕ್ಕರೆ ಜೀವ ಉಳಿಸುತ್ತೆ.

ಎದೆ ಹಿಂಡಿದರೆ 'ಗ್ಯಾಸ್ ಕಣಪ್ಪಾ' ಅಂತ ಸೋಡಾ ಕುಡಿದು ಕೂರಬೇಡಿ. ಮೊದಲು ಇಸಿಜಿ ಮಾಡಿಸಿ. ಟೊಮೆಟೊ ಹರಾಜು ನಾಳೆನೂ ಇರುತ್ತೆ.