ಮಡಕೆಯ ನೀರು ಯಾವ ಪಾಠಕ್ಕೆ ಸೇರಿದ್ದು?

ಮಾರ್ಚ್ ತಿಂಗಳು. ಕಲಬುರಗಿಯ ಒಂದು ಶಾಲೆಯ ಏಳನೆಯ ತರಗತಿಯಲ್ಲಿ ನೀವು ಪಾಠ ಮಾಡುತ್ತಿದ್ದೀರಿ ಎಂದುಕೊಳ್ಳಿ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಅದಕ್ಕೆ ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದ ಪಡೆಯುವುದರಿಂದ ನೀರು ತಣ್ಣಗಾಗುತ್ತದೆ ಎಂದು ವಿವರಿಸಿದ್ದೀರಿ. ಆಗ ಹುಡುಗಿಯೊಬ್ಬಳು ಎದ್ದು ಕೇಳುತ್ತಾಳೆ: "ಟೀಚರ್, ಮಂಗಳೂರಿನಲ್ಲಿ ನಮ್ಮ ಮಾಮಾನ ಮನೆಯಲ್ಲೂ ಮಡಕೆ ಇದೆ. ಅದರ ನೀರು ಇಲ್ಲಿಯಷ್ಟು ತಣ್ಣಗೆ ಇರೋದಿಲ್ಲ. ಯಾಕೆ?"

ಈಗ ನಿಮ್ಮ ಮುಂದೆ ಎರಡು ದಾರಿಗಳಿವೆ. "ಅದು ಭೂಗೋಳದ ವಿಷಯ, ಈಗ ಬೇಡ" ಎನ್ನಬಹುದು. ಪರೀಕ್ಷೆ ಹತ್ತಿರವಿದೆ, ಪಾಠ ಮುಗಿಯಬೇಕು. ಆದರೆ ಹಾಗೆ ಎರಡು ಮೂರು ಸಲ ಕೂರಿಸಿದ ಮಗು ನಾಲ್ಕನೆಯ ಸಲ ಏಳುವುದಿಲ್ಲ. ಇನ್ನೊಂದು ದಾರಿ, ಆ ಪ್ರಶ್ನೆಯ ಹಿಂದೆ ಹೋಗುವುದು. ಬನ್ನಿ, ಹೋಗಿ ನೋಡೋಣ.

ಮೊದಲು ಲೆಕ್ಕ

ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಉಷ್ಣ ಬೇಕು. 100 ಗ್ರಾಮ್‌ಗೆ 240 ಕಿಲೋಜೂಲ್. 10 ಲೀಟರ್ ನೀರಿನ ತಾಪ ಒಂದು ಡಿಗ್ರಿ ಇಳಿಯಬೇಕಾದರೆ 42 ಕಿಲೋಜೂಲ್ ಹೊರಹೋಗಬೇಕು. ಅಂದರೆ, ಒಂದು ಲೋಟಕ್ಕಿಂತ ಕಡಿಮೆ ನೀರು ಆರಿಹೋದರೆ 10 ಲೀಟರ್ ನೀರು ಐದಾರು ಡಿಗ್ರಿ ತಣ್ಣಗಾಗಬಹುದು! ಆದರೆ ಹೊರಗಿನ ಬಿಸಿಯೂ ಸದಾ ಒಳಗೆ ನುಗ್ಗುತ್ತಿರುತ್ತದೆ. ಆದ್ದರಿಂದ ನೀರು ಆರುತ್ತಲೇ ಇರಬೇಕು.

ಬೇಗ ಆರುವುದೋ ನಿಧಾನವಾಗಿ ಆರುವುದೋ ಎಂಬುದನ್ನು ಗಾಳಿಯಲ್ಲಿ ಆಗಲೇ ಇರುವ ತೇವಾಂಶ ನಿರ್ಧರಿಸುತ್ತದೆ. ತಾಪಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಿದಾಗ ಅದು ತೋರಿಸುವ ತಾಪಕ್ಕಿಂತ ಕೆಳಗೆ ಮಡಕೆಯ ನೀರು ಇಳಿಯಲಾರದು. ತಾಪ 38 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 20 ಇರುವ ಒಣ ದಿನ ಈ ಮಿತಿ ಸುಮಾರು 21 ಡಿಗ್ರಿ. ಕರಾವಳಿಯಲ್ಲಿ ತಾಪ 33 ಡಿಗ್ರಿ, ಆರ್ದ್ರತೆ ಶೇಕಡ 75 ಇದ್ದರೆ ಮಿತಿ ಸುಮಾರು 29 ಡಿಗ್ರಿ. ಒಂದು ಕಡೆ 17 ಡಿಗ್ರಿ ಇಳಿಯಲು ಅವಕಾಶ, ಇನ್ನೊಂದು ಕಡೆ ಕೇವಲ ನಾಲ್ಕು. ಹುಡುಗಿ ಸರಿಯಾಗಿಯೇ ಗಮನಿಸಿದ್ದಳು.

ಗೋಡೆ ದಾಟಿದ ಪ್ರಶ್ನೆ

ಕಡಲ ತೀರದ ಗಾಳಿ ತೇವವಾಗಿರುವುದೇಕೆ? ಇದು ಭೂಗೋಳ. ಅದೇ ತೇವಗಾಳಿಯಲ್ಲಿ ನಮ್ಮ ಮೈಯ ಬೆವರೂ ಆರುವುದಿಲ್ಲ. ಒದ್ದೆ ಬುರುಡೆಯ ತಾಪ 35 ಡಿಗ್ರಿಗೆ ಸಮೀಪಿಸಿದರೆ ನೆರಳಿನಲ್ಲಿ ಕುಳಿತ ಆರೋಗ್ಯವಂತರ ಪ್ರಾಣಕ್ಕೂ ಅಪಾಯ. ಇದು ಜೀವಶಾಸ್ತ್ರ, ಬೇಸಿಗೆಯ ಬಿಸಿಗಾಳಿಯ ದಿನಗಳಲ್ಲಿ ಸಾರ್ವಜನಿಕ ಆರೋಗ್ಯದ ಪ್ರಶ್ನೆಯೂ ಹೌದು. ಹಳೆಯ ಮಡಕೆ ಹೊಸದರಷ್ಟು ತಂಪು ಕೊಡದು. ಗಡಸು ನೀರಿನ ಲವಣಗಳು ರಂಧ್ರಗಳನ್ನು ಮುಚ್ಚುತ್ತವೆ. ಇದು ರಸಾಯನಶಾಸ್ತ್ರ. ಉಪ್ಪಿನಕಾಯಿಯ ಜಾಡಿ ಜಿನುಗುವುದಿಲ್ಲ, ಏಕೆ? ಕುಂಬಾರರನ್ನು ಕೇಳಿದರೆ ಮಣ್ಣು, ಮರಳು, ಸುಡುವ ಬೆಂಕಿ ಇವುಗಳ ಪಾಠವೇ ಸಿಗುತ್ತದೆ. ಇನ್ನು ಇತಿಹಾಸ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದಾಗ, ಒಂದರ ಮೇಲೊಂದು ಪದರದಲ್ಲಿದ್ದ ಸಂಸ್ಕೃತಿಗಳನ್ನು ಗುರುತಿಸಲು ನೆರವಾದವುಗಳಲ್ಲಿ ಮಡಕೆಯ ಚೂರುಗಳು ಮುಖ್ಯವಾದವು.

ಇದು ಹೊಸ ವಿಧಾನವೇನಲ್ಲ. ಮೈಕೇಲ್ ಫ್ಯಾರಡೆ 1860-61ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ನೀಡಿದ ಉಪನ್ಯಾಸಗಳ ವಸ್ತು ಒಂದು ಮೇಣದ ಬತ್ತಿ. ಅದರ ಜ್ವಾಲೆಯಿಂದ ಹೊರಟ ಅವರು ನೀರು, ಗಾಳಿ, ಇಂಗಾಲಗಳನ್ನು ದಾಟಿ ಕೊನೆಗೆ ನಮ್ಮ ಉಸಿರಾಟಕ್ಕೆ ಬಂದು ನಿಂತರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದಿತ್ತು.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಅಳತೆಯ ಎರಡು ಹೊಸ ಮಡಕೆ ತನ್ನಿ. ಒಂದರ ಹೊರಮೈಗೆ ಎಣ್ಣೆಬಣ್ಣ ಬಳಿದು ಒಣಗಿಸಿ. (ಆ ಮಡಕೆಯ ನೀರನ್ನು ಕುಡಿಯಬಾರದು.) ಎರಡಕ್ಕೂ ಸಮನಾಗಿ ನೀರು ತುಂಬಿ, ಮುಚ್ಚಿ, ನೆರಳಿನಲ್ಲಿಡಿ. ಏನಾಗಬಹುದೆಂದು ಪ್ರತಿ ವಿದ್ಯಾರ್ಥಿಯೂ ಮೊದಲೇ ಬರೆದಿಡಲಿ. ಗಂಟೆಗೊಮ್ಮೆ ನೀರಿನ ತಾಪವನ್ನೂ ಮಡಕೆಯ ತೂಕವನ್ನೂ ಗುರುತಿಸಿ, ಗ್ರಾಫ್ ಎಳೆಯಲಿ. ಮಳೆಗಾಲದಲ್ಲಿ ಇದನ್ನೇ ಮತ್ತೊಮ್ಮೆ ಮಾಡಲಿ. ಸಾಧ್ಯವಾದರೆ ಇನ್ನೊಂದು ಜಿಲ್ಲೆಯ ಶಾಲೆಯೊಂದಿಗೆ ಅಂಕಿಗಳನ್ನು ಹೋಲಿಸಿ ನೋಡಲಿ.

ಎರಡು ಎಚ್ಚರಿಕೆಯ ಮಾತು. ವಿಷಯಗಳನ್ನು ಜೋಡಿಸುವುದೆಂದರೆ ಎಲ್ಲವನ್ನೂ ಕಲಸುವುದಲ್ಲ. ತೂಕವನ್ನು ತಕ್ಕಡಿಯೇ ಹೇಳಬೇಕು, ಹಳಮೆಯನ್ನು ಮಣ್ಣಿನ ಪದರವೇ ಹೇಳಬೇಕು. ಪ್ರತಿ ಶಾಸ್ತ್ರಕ್ಕೂ ತನ್ನದೇ ಪುರಾವೆಯ ಕ್ರಮವಿದೆ, ಅದನ್ನು ಸಡಿಲಿಸಬಾರದು. ಎರಡನೆಯದು, ಎಲ್ಲ ಉತ್ತರಗಳೂ ಅಧ್ಯಾಪಕರಿಗೆ ತಿಳಿದಿರಬೇಕಾಗಿಲ್ಲ. "ನನಗೂ ಗೊತ್ತಿಲ್ಲ, ಹುಡುಕೋಣ" ಎಂದರೆ ಗೌರವ ಕಡಿಮೆಯಾಗದು. ಹುಡುಕುವುದು ಹೇಗೆಂದು ಮಕ್ಕಳು ನಿಮ್ಮನ್ನು ನೋಡಿಯೇ ಕಲಿಯುತ್ತಾರೆ.

ತಿಂಗಳಿಗೆ ಒಂದು ಅವಧಿ ಸಾಕು. ತರಗತಿಯ ಮೂಲೆಯಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇಡಿ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನದ ಅಧ್ಯಾಪಕರು ಒಟ್ಟಿಗೆ ಕುಳಿತು ಅದರಿಂದ ಒಂದನ್ನು ಆರಿಸಿಕೊಳ್ಳಿ. ವಿದ್ಯಾರ್ಥಿಗಳೇ, ನೀವೂ ಕಾಯಬೇಡಿ. ಇಂದು ಮನೆಯ ಮಡಕೆಯನ್ನು ಮುಟ್ಟಿ ನೋಡಿ. ಅದರ ಹೊರಮೈ ಎಲ್ಲಿ ಹೆಚ್ಚು ತಣ್ಣಗಿದೆ, ಮೇಲೋ ಕೆಳಗೋ? ಏಕೆ?