ಬೂಷ್ಟು ಹಿಡಿದ ಕಾಳು, ಹೊಟ್ಟೆಗೆ ಗೋಳು

ಕಟಾವಿನ ಹೊತ್ತಿಗೆ ಮಳೆ ಬಂದರೆ ಕಾಳಿಗೆ ಬೂಷ್ಟು ಹಿಡಿಯುತ್ತೆ. ಎಸೆಯಲು ನಮಗೆ ಹೊಟ್ಟೆ ಉರಿಯುತ್ತೆ. ತೊಳೆದು ಬೀಸಿದರೆ ಆಯ್ತು ಅಂತ ಅಂದುಕೊಳ್ಳುತ್ತೇವೆ. ಆದರೆ ಕೆಲವು ಬೂಷ್ಟು ಕಾಳಿನೊಳಗೆ ವಿಷ ಬಿಡುತ್ತೆ. ಅದು ಕಣ್ಣಿಗೆ ಕಾಣೋದಿಲ್ಲ.

ಅಮೆರಿಕದಲ್ಲಿ ಇಂಥ ಮೆಕ್ಕೆಜೋಳ ತಿಂದ ಹಂದಿಗಳು ವಾಂತಿ ಮಾಡಿದವು. 1973ರಲ್ಲಿ ವಿಜ್ಞಾನಿಗಳು ಆ ಜೋಳದಿಂದ ವಿಷವನ್ನು ಬೇರೆ ಮಾಡಿದರು. ಅದಕ್ಕೆ ‘ವಾಮಿಟಾಕ್ಸಿನ್’ ಎಂದು ಹೆಸರಿಟ್ಟರು. ಅಂದರೆ ವಾಂತಿ ವಿಷ.

ಈ ವಿಷದಿಂದ ವಾಂತಿ ಹೇಗೆ ಬರುತ್ತೆ? ಇಲಿಗೆ ವಾಂತಿ ಮಾಡಲು ಬರೋದಿಲ್ಲ. ಅದಕ್ಕೇ ಪ್ರಯೋಗಾಲಯದಲ್ಲಿ ಮಿಂಕ್ ಎಂಬ ಮುಂಗುಸಿಯಂಥ ಪ್ರಾಣಿಗೆ ವಿಷ ಕೊಟ್ಟು ನೋಡಿದರು. ವಿಷ ತಾಗಿದಾಗ ಕರುಳು ಸೆರೊಟೋನಿನ್ ಎಂಬ ರಸ ಬಿಡುತ್ತೆ. ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ‘ಹೊರಗೆ ಹಾಕು’ ಅನ್ನುತ್ತೆ. ಆಗ ವಾಂತಿ ಆಗುತ್ತೆ.

ಮನುಷ್ಯರಿಗೂ ಇದು ತಪ್ಪಿದ್ದಲ್ಲ. 1987ರಲ್ಲಿ ಕಾಶ್ಮೀರದಲ್ಲಿ ಮಳೆಗೆ ಕೆಟ್ಟ ಗೋಧಿಯ ರೊಟ್ಟಿ ತಿಂದು ಸಾವಿರಾರು ಜನ ಹೊಟ್ಟೆನೋವಿನಿಂದ ನರಳಿದರು. ಆ ಗೋಧಿಯಲ್ಲೂ ಈ ವಿಷ ಇತ್ತು.

ರೊಟ್ಟಿ ಸುಟ್ಟರೂ, ಕಾಳು ಬೇಯಿಸಿದರೂ ಈ ವಿಷ ಪೂರ್ತಿ ಹೋಗೋದಿಲ್ಲ. ಅಕ್ಕಂದಿರೇ, ಕಾಳನ್ನು ಚೆನ್ನಾಗಿ ಒಣಗಿಸಿ ತುಂಬಿಡೋಣ. ಬೂಷ್ಟು ಹಿಡಿದದ್ದನ್ನು ಮಕ್ಕಳಿಗೂ ಕೊಡೋದು ಬೇಡ, ದನಕ್ಕೂ ಹಾಕೋದು ಬೇಡ. ಕಾಳು ಮತ್ತೆ ಬೆಳೆದೇವು. ಜೀವ ಬೆಳೆಯಲಾದೀತೇ?