ಮನೆಯೊಳಗಿನ ದೌರ್ಜನ್ಯ: ಕಾನೂನು ಇದೆ, ಕೇಳುವವರು ಬೇಕು

"ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ" ಅಂತ ಹಿರಿಯರು ಹೇಳಿದ್ದಾರೆ. ಆದರೆ ದಿನಾ ಹೊಡೆತ ತಿನ್ನುವವಳ ಕಷ್ಟ ಉಂಡು ಮಲಗಿದರೆ ಮುಗಿಯುವುದಿಲ್ಲ. 2019ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಎಂದರು. ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 21 ಇತ್ತು. ಇಡೀ ದೇಶದಲ್ಲಿ ಹೀಗೆ ನೊಂದವರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ!

ಕಾನೂನು ಏನು ಹೇಳುತ್ತದೆ?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005, ಜಾರಿಗೆ ಬಂದದ್ದು 26 ಅಕ್ಟೋಬರ್ 2006ರಂದು. ಹೊಡೆಯುವುದು ಮಾತ್ರ ದೌರ್ಜನ್ಯ ಅಲ್ಲ. ಕೆಟ್ಟ ಮಾತಿನಿಂದ ನೋಯಿಸುವುದು, ಲೈಂಗಿಕ ಹಿಂಸೆ, ಮನೆ ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಒಡವೆ ಕಿತ್ತುಕೊಳ್ಳುವುದು, ಎಲ್ಲವೂ ಸೇರುತ್ತವೆ. ಹೆಂಡತಿಗೆ ಮಾತ್ರವಲ್ಲ, ತಾಯಿ, ಅಕ್ಕ-ತಂಗಿ, ವಿಧವೆಗೂ ಇದರ ರಕ್ಷಣೆ ಇದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಬಾಳುತ್ತಿರುವ ಮನೆಯಿಂದ ಕಾನೂನು ಕ್ರಮವಿಲ್ಲದೆ ಅವಳನ್ನು ಹೊರಹಾಕುವ ಹಾಗಿಲ್ಲ.

ಹೊಣೆ ಯಾರದ್ದು?

ಈ ಕಾಯ್ದೆಯ ಬೆನ್ನೆಲುಬು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿ.ಡಿ.ಪಿ.ಓ.ಗೆ, ಈ ಜವಾಬ್ದಾರಿ ಕೊಟ್ಟಿದ್ದಾರೆ. ನೊಂದವಳ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, ಚಿಕಿತ್ಸೆ, ಆಶ್ರಯ, ಉಚಿತ ವಕೀಲರ ನೆರವು ಸಿಗುವ ಹಾಗೆ ಮಾಡುವುದು ಅವರ ಕೆಲಸ. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಆಗಬೇಕು. ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಕೋರ್ಟ್ ಪ್ರಯತ್ನಿಸಬೇಕು. ರಕ್ಷಣಾ ಆದೇಶ ಮೀರಿದವನಿಗೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋರ್ಟ್ ಹೇಳಿದ ಕೆಲಸವನ್ನು ಸರಿಯಾದ ಕಾರಣವಿಲ್ಲದೆ ಮಾಡದ ಸಂರಕ್ಷಣಾಧಿಕಾರಿಗೂ ಇದೇ ಶಿಕ್ಷೆ ಇದೆ. ಮೊಕದ್ದಮೆಗೆ ಮಾತ್ರ ಸರ್ಕಾರದ ಅನುಮತಿ ಬೇಕು.

ಸರ್ಕಾರದ ಮೇಲ್ವಿಚಾರಣೆ

ಪ್ರಚಾರ, ಅಧಿಕಾರಿಗಳಿಗೆ ತರಬೇತಿ, ಇಲಾಖೆಗಳ ನಡುವೆ ಹೊಂದಾಣಿಕೆ, ಆಗಾಗ ಪರಿಶೀಲನೆ, ಇವೆಲ್ಲ ಸರ್ಕಾರದ ಕರ್ತವ್ಯ ಎಂದು ಕಾಯ್ದೆಯ 11ನೇ ಕಲಮೇ ಹೇಳುತ್ತದೆ. ಹೀಗಿದ್ದರೂ ಸಂರಕ್ಷಣಾಧಿಕಾರಿಗಳನ್ನು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಗುರುತಿಸಿ ನೇಮಿಸಿ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಕಾಯ್ದೆ ಬಂದು ಆಗಲೇ 18 ವರ್ಷ ಕಳೆದಿತ್ತು! ಮೇಲಿನವರು ಕೇಳದಿದ್ದರೆ, ಕೆಳಗಿನವರೂ ಕೇಳದಿದ್ದರೆ, ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ. ನೂರಾರು ಅಂಗನವಾಡಿ ನೋಡುವ ಅಧಿಕಾರಿಯ ಮೇಜಿನ ಮೇಲೆ ನೊಂದವಳ ಕಡತ ಅಡಿಗೆ ಬೀಳುವುದು ಸುಲಭ.

ತರೀಕೆರೆಗೆ ಸೇರಿದ್ದ ಅಜ್ಜಂಪುರ 2018ರಲ್ಲಿ ಬೇರೆ ತಾಲ್ಲೂಕಾಯಿತು. ಹೊಸ ತಾಲ್ಲೂಕಿನ ಹಳ್ಳಿಗಳಲ್ಲಿ "ನಮ್ಮ ಸಂರಕ್ಷಣಾಧಿಕಾರಿ ಯಾರು, ಎಲ್ಲಿ ಕೂರ್ತಾರೆ?" ಎಂಬ ಪ್ರಶ್ನೆ ಇನ್ನೂ ಮುಖ್ಯ. ಕಡೂರಿನವರೂ, ತರೀಕೆರೆಯವರೂ ಇದನ್ನು ಕೇಳಿ ತಿಳಿದಿರಬೇಕು.

ನಾವು ಏನು ಮಾಡಬಹುದು?

1. ಸಂಘದ ಸಭೆಯಲ್ಲಿ ಸಂರಕ್ಷಣಾಧಿಕಾರಿಯ ಕಚೇರಿ, ಫೋನ್ ನಂಬರ್ ಬರೆದಿಡಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112.

2. ದೌರ್ಜನ್ಯ ನಡೆದರೆ ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ಹೆದರಬೇಡಿ.

3. ಗ್ರಾಮಸಭೆಯಲ್ಲಿ ಅಂಗನವಾಡಿ ಕಟ್ಟಡ, ಮೊಟ್ಟೆ ಬಗ್ಗೆ ಕೇಳುವ ಹಾಗೆಯೇ ಇದನ್ನೂ ಕೇಳಿ. ಶಾಸಕರು ನಡೆಸುವ ತಾಲ್ಲೂಕು ಕೆ.ಡಿ.ಪಿ. ಸಭೆಯಲ್ಲಿ ಚರ್ಚಿಸಿ ಎಂದು ಮನವಿ ಕೊಡಿ.

4. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಮೂರೇ ಪ್ರಶ್ನೆ ಸಾಕು: ಈ ವರ್ಷ ಎಷ್ಟು ದೂರು ಬಂತು? ಎಷ್ಟು ಘಟನಾ ವರದಿ ಕೋರ್ಟಿಗೆ ಹೋಯಿತು? ಎಷ್ಟು ಜನರಿಗೆ ಆದೇಶ ಸಿಕ್ಕಿತು? ಎಣಿಕೆ ಮಾತ್ರ ಕೇಳಿ. ನೊಂದವರ ಹೆಸರು ಕೇಳಬೇಡಿ.

ಎಣಿಕೆ ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಕಡತ ತಾನಾಗಿ ಮೇಲೆ ಬರುತ್ತದೆ. ಬಾಗಿಲು ಹಾಕಿದ ಮನೆಯೊಳಗೆ ಅಳುವವಳಿಗೆ ಹೊರಗೆ ತನ್ನ ಪರ ಕೇಳುವವರಿದ್ದಾರೆ ಅನ್ನೋ ಧೈರ್ಯ ಬರಲಿ.